ಕಾಲೇಜು ಗ್ರಂಥಾಲಯದಲ್ಲಿ ಚಿತ್ರ-ಶಿಲ್ಪ ಪ್ರದರ್ಶನ: ಕೊಡಗಿನ ಕಲಾವಿದರಿಗೂ ಗ್ರಂಥಪಾಲಕರಿಗೂ ಒಂದು ಸಮಗ್ರ ಮಾರ್ಗದರ್ಶಿ

ಗ್ರಂಥಾಲಯದಲ್ಲಿ ಪ್ರದರ್ಶನ ನೋಡುವವರಲ್ಲಿ ಹೆಚ್ಚಿನವರು ಅದಕ್ಕೆಂದೇ ಬಂದವರಲ್ಲ. ಪುಸ್ತಕ ಹಿಂದಿರುಗಿಸಲು, ಪೇಪರ್ ಓದಲು, ಪರೀಕ್ಷೆಗೆ ಕೂರಲು ಬಂದವರು. ಒಬ್ಬಳೇ ವಿದ್ಯಾರ್ಥಿನಿ ತಿಂಗಳೊಳಗೆ ಅದೇ ಚಿತ್ರದ ಮುಂದೆ ಹತ್ತಿಪ್ಪತ್ತು ಸಲ ಹಾದುಹೋಗುತ್ತಾಳೆ; ಮೊದಲ ವಾರ ಕಣ್ಣಿಗೆ ಬೀಳದ್ದು ಮೂರನೇ ವಾರ ಅವಳನ್ನು ನಿಲ್ಲಿಸುತ್ತದೆ. ದೊಡ್ಡ ಊರಿನ ಗ್ಯಾಲರಿಯಲ್ಲಿ ಇಂಥ ನೋಟ ಸಿಗುವುದು ಕಷ್ಟ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಸೋಮವಾರಪೇಟೆಯ ಕಲಾವಿದರಿಗೆ ಕಾಲೇಜಿನ ಗ್ರಂಥಾಲಯ ನಿಜಕ್ಕೂ ಒಳ್ಳೆಯ ಜಾಗ ಎನ್ನುವುದು ಇದೇ ಕಾರಣಕ್ಕೆ.

ಜಾಗ ಒಳ್ಳೆಯದಾದರೂ ಅದರ ಮೊದಲ ಕೆಲಸ ಓದು. ಕಲಾಕೃತಿಯಿಂದ ಓದುಗರಿಗೆ ಅಡ್ಡಿಯಾಗಬಾರದು, ಪುಸ್ತಕಕ್ಕೆ ಹುಳ-ಬೂಷ್ಟು ತಗಲಬಾರದು. ಕೃತಿಗೂ ಅಲ್ಲಿನ ಬೆಳಕು, ತೇವದಿಂದ ಕೆಡುಕಾಗಬಾರದು. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯೂ ಈ ಎರಡು ಕಡೆಯ ಕಾಳಜಿಯಿಂದ ಬಂದದ್ದು.

ಕಾಲ ಆರಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಆ ನಾಲ್ಕು ತಿಂಗಳು ಒಳಗಿನ ಗೋಡೆಯೂ ಬೆವರುತ್ತದೆ, ಕರೆಂಟು ನಂಬುವ ಹಾಗಿಲ್ಲ, ಹೊರಗಿನ ನೋಡುಗರು ಬರುವುದೂ ಇಲ್ಲ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ ಕಳೆದ ಮೇಲೂ ಕೆಲವು ವಾರ ಮಳೆ ಬಂದು ಹೋಗುತ್ತಿರುತ್ತದೆ. ಸುಗ್ಗಿಯ ಹಬ್ಬ ಪುತ್ತರಿ ಮುಗಿಯುತ್ತಿದ್ದಂತೆ ತೋಟಗಳಲ್ಲಿ ಕಾಫಿ ಕುಯ್ಲು ಜೋರಾಗುತ್ತದೆ. ಅರೇಬಿಕಾ ಮೊದಲು, ರೋಬಸ್ಟಾ ನಂತರ. ಆ ದಿನಗಳಲ್ಲಿ ಹವೆ ಚೆನ್ನಾಗಿದ್ದರೂ ಜನಕ್ಕೆ ಪುರುಸೊತ್ತಿಲ್ಲ. ನಮ್ಮ ಮಟ್ಟಿಗೆ ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನವರೆಗಿನ ನಾಲ್ಕು ವಾರ ಎಲ್ಲಕ್ಕಿಂತ ಒಳ್ಳೆಯದು: ಗಾಳಿ ಒಣಗಿರುತ್ತದೆ, ಕುಯ್ಲು ಇಳಿಮುಖವಾಗಿರುತ್ತದೆ. ದಿನಾಂಕ ಗೊತ್ತುಮಾಡುವ ಮುಂಚೆ ವಿಶ್ವವಿದ್ಯಾಲಯದ ಪರೀಕ್ಷಾ ವೇಳಾಪಟ್ಟಿ ನೋಡಿಕೊಳ್ಳಿ. ಪರೀಕ್ಷೆಯ ವಾರದಲ್ಲಿ ಗೋಡೆಗೆ ಡ್ರಿಲ್ ಹಿಡಿದರೆ ಮುಂದಿನ ವರ್ಷ ಅನುಮತಿ ಸಿಗುವುದಿಲ್ಲ, ಸಿಗಲೂಬಾರದು.

ಎರಡು ವಾರಕ್ಕಿಂತ ಚಿಕ್ಕ ಪ್ರದರ್ಶನ ಗ್ರಂಥಾಲಯಕ್ಕೆ ಹೊಂದುವುದಿಲ್ಲ. ಪದೇ ಪದೇ ನೋಡುವುದೇ ಇಲ್ಲಿನ ಲಾಭ. ಅದಕ್ಕೆ ಮೂರರಿಂದ ಐದು ವಾರವಾದರೂ ಬೇಕು.

ಮಾತುಕತೆ ಮತ್ತು ಕಾಗದ

ಪ್ರದರ್ಶನಕ್ಕೆ ಮೂರು ತಿಂಗಳ ಮುಂಚೆ ಪ್ರಾಂಶುಪಾಲರಿಗೆ ಪತ್ರ ಕೊಡಿ. ಅದಕ್ಕೂ ಮೊದಲು ಗ್ರಂಥಪಾಲಕರನ್ನು ಮುಖತಃ ಕಂಡು ಮಾತಾಡಿ. ಯಾವ ಗೋಡೆ ಮಳೆಗಾಲದಲ್ಲಿ ಸೋರುತ್ತದೆ, ಯಾವ ಮೇಜು ಸದಾ ತುಂಬಿರುತ್ತದೆ, ಯಾವ ಕಿಟಕಿಯಿಂದ ಮಧ್ಯಾಹ್ನ ಬಿಸಿಲು ಬೀಳುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಪತ್ರದಲ್ಲಿ ದಿನಾಂಕ, ಕೃತಿಗಳ ಅಂದಾಜು ಸಂಖ್ಯೆ, ಗೋಡೆಗೆ ಮೊಳೆ ಹೊಡೆಯುತ್ತೀರೋ ಇಲ್ಲವೋ, ಹೊರಗಿನವರು ಯಾವ ಹೊತ್ತಿಗೆ ಬರಬಹುದು, ಮಾರಾಟ ಇದೆಯೋ ಇಲ್ಲವೋ ಎಂಬುದು ಸ್ಪಷ್ಟವಾಗಿರಲಿ.

ಕೃತಿ ಆರಿಸಲು ಮೂವರಿಂದ ಐವರ ಸಣ್ಣ ಸಮಿತಿ ಸಾಕು: ಗ್ರಂಥಪಾಲಕರು, ಒಬ್ಬ ಅಧ್ಯಾಪಕರು, ಭಾಗವಹಿಸದ ಒಬ್ಬ ಹಿರಿಯ ಕಲಾವಿದರು ಇದ್ದರೆ ನಡೆಯುತ್ತದೆ. ಪ್ರತಿ ಕಲಾವಿದರಿಂದ ಕೃತಿಯ ಫೋಟೋ, ಮಾಧ್ಯಮ, ಚೌಕಟ್ಟು ಸೇರಿಸಿದ ಅಳತೆ, ತೂಕ, ಬೆಲೆ ತರಿಸಿಕೊಳ್ಳಿ. ತೂಕ ಬರೆಯದೆ ಬಿಡುವವರೇ ಹೆಚ್ಚು. ಅದು ಇಲ್ಲದೆ ಕೊಕ್ಕೆಯೂ ಪೀಠವೂ ತೀರ್ಮಾನವಾಗುವುದಿಲ್ಲ, ಆದ್ದರಿಂದ ಬಿಡಬೇಡಿ.

ಕೃತಿ ಕಾಲೇಜಿಗೆ ಬಂದ ದಿನವೇ ಸ್ಥಿತಿ ವರದಿ ಬರೆಯಬೇಕು. ಮುಂಭಾಗ, ಹಿಂಭಾಗ, ನಾಲ್ಕು ಮೂಲೆಗಳ ಫೋಟೋ ತೆಗೆದು, ಇರುವ ಗೀರು, ಬಿರುಕು, ಕಲೆಗಳನ್ನು ಬರೆದು, ಎರಡು ಪ್ರತಿಗೂ ಕಲಾವಿದರು, ಗ್ರಂಥಪಾಲಕರು ಇಬ್ಬರೂ ಸಹಿ ಹಾಕಿ ಒಂದೊಂದು ಇಟ್ಟುಕೊಳ್ಳಿ. ಹಾನಿಯಾದರೆ ಯಾರ ಹೊಣೆ, ವಿಮೆ ಮಾಡಿಸುವವರು ಯಾರು, ಮುಗಿದ ಮೇಲೆ ಎಷ್ಟು ದಿನದೊಳಗೆ ಒಯ್ಯಬೇಕು ಎಂಬ ಮೂರು ಸಾಲು ಅದೇ ಹಾಳೆಯಲ್ಲಿರಲಿ. ಪರಿಚಯದವರೇ ಆಗಿದ್ದರೂ ಬರೆಯಿರಿ. ಬರೆದಿಟ್ಟರೆ ಸ್ನೇಹವೂ ಉಳಿಯುತ್ತದೆ.

ಕೊಡಗಿನಲ್ಲಿ ವಿಶೇಷವಾಗಿ ನೋಡಿಕೊಳ್ಳಬೇಕಾದದ್ದು ವಸ್ತುವಿನ ಮೂಲ. ಜಿಂಕೆ-ಕಡವೆಯ ಕೊಂಬು, ಆನೆದಂತ, ಕಾಡುಪ್ರಾಣಿಯ ಚರ್ಮ ಸೇರಿಸಿದ ಕೃತಿಯನ್ನು ತೆಗೆದುಕೊಳ್ಳಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ, ಕಾಡಿನಲ್ಲಿ ತಾನಾಗಿ ಉದುರಿದ ಕೊಂಬು ಎಂದರೂ ನಡೆಯುವುದಿಲ್ಲ. ಬೀಟೆ, ತೇಗದ ಶಿಲ್ಪವಾದರೆ ಮರ ಕೊಂಡ ರಸೀದಿ ಶಿಲ್ಪದ ಜೊತೆಯಲ್ಲೇ ಪ್ರಯಾಣ ಮಾಡಲಿ; ದಾರಿಯ ತಪಾಸಣೆಯಲ್ಲಿ ಕೇಳಿದರೆ ತೋರಿಸಲು ಬೇಕು. ನೂರು ವರ್ಷ ದಾಟಿದ ಕಲ್ಲಿನ ವಿಗ್ರಹವನ್ನು ಇಂದಿನ ಶಿಲ್ಪಗಳ ಸಾಲಿಗೆ ತರುವುದೂ ಬೇಡ, ಅದಕ್ಕೆ ಪುರಾವಸ್ತು ನೋಂದಣಿಯ ಬೇರೆಯೇ ನಿಯಮವಿದೆ.

ಮರದ ಶಿಲ್ಪ ಒಳಗೆ ಬರುವ ಮುನ್ನ

ಈ ಭಾಗವನ್ನು ಅವಸರದಲ್ಲಿ ದಾಟಬೇಡಿ. ಇಲ್ಲಿನ ಶಿಲ್ಪಿಗಳು ಕಾಫಿ ಗಿಡದ ಬೇರು, ಹಲಸು, ಸಿಲ್ವರ್ ಓಕ್ ಮುಂತಾದ ಮರದಲ್ಲಿ ಕೆಲಸ ಮಾಡುತ್ತಾರೆ. ಹಳೆಯ ಕಾಫಿ ಬೇರಿನ ತಿರುವುಗಳು ನೋಡಲು ಚಂದ, ಆದರೆ ಅದೇ ಸಂದಿಗಳಲ್ಲಿ ಮಣ್ಣು, ಇರುವೆಗೂಡು, ಗೆದ್ದಲು, ಕುಟ್ಟೆಹುಳ ಅಡಗಿರುತ್ತವೆ. ಮರ ತಿನ್ನುವ ಹುಳಕ್ಕೆ ಪುಸ್ತಕದ ಕಪಾಟು ಕೂಡ ಮರವೇ. ಗೆದ್ದಲಿಗಂತೂ ಕಾಗದವೂ ಆಹಾರ.

ಬೇರನ್ನು ಮೊದಲು ಗಟ್ಟಿ ಬ್ರಷ್ ಮತ್ತು ಚೂಪಾದ ಕಡ್ಡಿಯಿಂದ ಸಂದಿ ಸಂದಿಯಲ್ಲೂ ಕೆರೆದು ಸ್ವಚ್ಛ ಮಾಡಿ. ನಂತರ ಕಪ್ಪು ಕಾಗದದ ಮೇಲೆ ಇಟ್ಟು ಒಂದು ವಾರ ಅಲುಗಿಸದೆ ಬಿಡಿ. ಸಾಸಿವೆಗಿಂತ ಸಣ್ಣ ತೂತು ಕಂಡು, ಅದರ ಕೆಳಗೆ ಹೊಸ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳ ಜೀವಂತವಾಗಿದೆ ಎಂದರ್ಥ. ತೂತು ಮಾತ್ರ ಇದ್ದು ಪುಡಿ ಇಲ್ಲದಿದ್ದರೆ ಅದು ಹಳೆಯದಿರಬಹುದು. ಆದರೂ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಗ್ರಂಥಾಲಯದಿಂದ ದೂರದ ಕೋಣೆಯಲ್ಲಿ ಎರಡು-ಮೂರು ವಾರ ಇಟ್ಟು ನೋಡಿ. ಬಣ್ಣ ಹಚ್ಚದ ಸಣ್ಣ ಶಿಲ್ಪವಾದರೆ ಗಾಳಿಯಾಡದಂತೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಹೊರತೆಗೆದ ಮೇಲೆ ಒಂದು ಇಡೀ ದಿನ ಸುತ್ತಿದ್ದನ್ನು ಬಿಚ್ಚಬಾರದು; ಬಿಚ್ಚಿದರೆ ತಣ್ಣನೆಯ ಮರದ ಮೇಲೆ ನೀರು ಕೂತು ಮೇಲ್ಮೈ ಕೆಡುತ್ತದೆ. ಪುಡಿ ಉದುರುತ್ತಿರುವ ದೊಡ್ಡ ಶಿಲ್ಪ ಎಷ್ಟೇ ಚೆನ್ನಾಗಿರಲಿ, ಈ ಸಲ ಒಳಗೆ ಬೇಡ.

ಹಸಿಮರದ ಶಿಲ್ಪಕ್ಕೆ ಇನ್ನೊಂದು ಅಪಾಯ. ತೋಟದ ಶೆಡ್ಡಿನ ತೇವದಿಂದ ಒಣಗಿದ ಕೋಣೆಗೆ ಬಂದಾಗ ಹೊರಪದರ ಬೇಗ ಕುಗ್ಗುತ್ತದೆ, ಒಳತಿರುಳು ಕುಗ್ಗುವುದಿಲ್ಲ. ಹಾಗಾಗಿ ಸೀಳು ಬಿಡುತ್ತದೆ. ಎರಡು ವಾರ ಮುಂಚೆ ತಂದು ಕಾಲೇಜಿನ ಬೇರೊಂದು ಕೋಣೆಯಲ್ಲಿ ತೆಳು ಬಟ್ಟೆ ಮುಚ್ಚಿ ಇಟ್ಟರೆ ಬದಲಾವಣೆ ನಿಧಾನವಾಗುತ್ತದೆ.

ಚಿತ್ರಗಳ ತಯಾರಿ

ತೈಲವರ್ಣದ ಚಿತ್ರ ಬೆರಳಿಗೆ ಅಂಟದ ಹಾಗೆ ಒಣಗಲು ಒಂದೆರಡು ವಾರ ಬೇಕು, ದಪ್ಪವಾಗಿ ಹಚ್ಚಿದ್ದರೆ ತಿಂಗಳುಗಳೇ ಬೇಕು. ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಮುಗಿಸಿದ ಚಿತ್ರ ತರಬೇಡಿ. ಧೂಳು ಅಂಟುತ್ತದೆ, ವಾಸನೆ ಓದುವವರಿಗೆ ತಲೆನೋವು ತರುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಗ್ರಂಥಾಲಯದ ಕಸದ ಬುಟ್ಟಿಗೆ ಎಂದೂ ಹಾಕಬಾರದು. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು.

ಜಲವರ್ಣ, ಶಾಯಿ, ಪೆನ್ಸಿಲ್ ಚಿತ್ರಗಳಿಗೆ ಗಾಜಿನ ಚೌಕಟ್ಟು ಬೇಕು, ಆದರೆ ಕಾಗದ ಗಾಜಿಗೆ ತಾಗಬಾರದು. ನಡುವೆ ಮೌಂಟ್ ಬೋರ್ಡ್ (ಕಿಟಕಿಯಂತೆ ಕತ್ತರಿಸಿದ ದಪ್ಪ ರಟ್ಟು) ಇಟ್ಟು ಎರಡು-ಮೂರು ಮಿಲಿಮೀಟರ್ ಅಂತರ ಬಿಡಿ. ತಾಗಿದ್ದರೆ ತಂಪು ಬೆಳಗಿನಲ್ಲಿ ಗಾಜಿನ ಒಳಬದಿಗೆ ಕೂತ ತೇವ ಕಾಗದಕ್ಕೆ ಇಳಿದು ಬೂಷ್ಟು ಶುರುವಾಗುತ್ತದೆ. ಕಾಗದವನ್ನು ಸೆಲೋಟೇಪಿನಿಂದ ಅಂಟಿಸಬೇಡಿ, ಅದರ ಅಂಟು ಹಳದಿಯಾಗಿ ಒಳಗೆ ಇಳಿಯುತ್ತದೆ. ತೆಳು ಕಾಗದದ ಪಟ್ಟಿಗೆ ಮೈದಾ ಗೋಂದಿನ ಬದಲು ಶುದ್ಧ ಗೋಧಿ ಪಿಷ್ಟದ ಗೋಂದು ಹಚ್ಚಿ, ಮೇಲಂಚಿನ ಎರಡು ಕಡೆ ಮಾತ್ರ ನೇತುಹಾಕಿದಂತೆ ಅಂಟಿಸಿ. ನಾಲ್ಕೂ ಅಂಚು ಬಿಗಿದರೆ ತೇವಕ್ಕೆ ಹಿಗ್ಗಿದ ಕಾಗದಕ್ಕೆ ಹೋಗಲು ದಾರಿಯಿಲ್ಲದೆ ಉಬ್ಬುತ್ತದೆ.

ಕ್ಯಾನ್ವಾಸ್ ಸಡಿಲವಾಗಿ ಕಂಡರೆ ಹಿಂದಿನ ಚೌಕಟ್ಟಿನ ಮೂಲೆಗಳ ಬೆಣೆ ತಟ್ಟಿ ಬಿಗಿ ಮಾಡುವ ಆಸೆಯಾಗುತ್ತದೆ. ಮಂಜಿನ ದಿನ ಮಾಡಬೇಡಿ. ಒಣ ಬಿಸಿಲು ಬಂದಾಗ ಅದು ತಾನಾಗಿ ಬಿಗಿಯುತ್ತದೆ. ಮೊದಲೇ ಬಿಗಿಸಿದ್ದರೆ ಅತಿಯಾಗಿ ಎಳೆದು ಬಣ್ಣ ಬಿರಿಯುತ್ತದೆ.

ಘಟ್ಟದ ರಸ್ತೆಯಲ್ಲಿ ಸಾಗಣೆ

ಚಿತ್ರಗಳನ್ನು ಕಪಾಟಿನ ಪುಸ್ತಕಗಳ ಹಾಗೆ ನೆಟ್ಟಗೆ ನಿಲ್ಲಿಸಿ ಸಾಗಿಸಿ, ಒಂದರ ಮೇಲೊಂದು ಮಲಗಿಸಬೇಡಿ. ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ಬರುವಂತೆ ಜೋಡಿಸಿದರೆ ಒಂದರ ಕೊಕ್ಕೆ ಇನ್ನೊಂದರ ಕ್ಯಾನ್ವಾಸ್‌ಗೆ ಚುಚ್ಚುವುದಿಲ್ಲ. ನಡುವೆ ರಟ್ಟಿನ ಹಾಳೆ ಇರಲೇಬೇಕು. ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಬಣ್ಣಕ್ಕೆ ತಾಗಿದರೆ, ಅದರಲ್ಲೂ ಅಕ್ರಿಲಿಕ್‌ಗೆ, ಗುಳ್ಳೆಗಳ ಅಚ್ಚು ಬೀಳುತ್ತದೆ. ಮೊದಲು ನಯವಾದ ಬಟರ್ ಪೇಪರ್, ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್. ಗಾಜಿನ ಮೇಲೆ ಕಾಗದದ ಮಾಸ್ಕಿಂಗ್ ಟೇಪನ್ನು ಗುಣಾಕಾರ ಚಿಹ್ನೆಯಂತೆ ಅಂಟಿಸಿದರೆ, ಒಡೆದರೂ ಚೂರುಗಳು ಚಿತ್ರದ ಮೇಲೆ ಬೀಳುವುದಿಲ್ಲ.

ಪಿಕಪ್‌ನಲ್ಲಿ ಹಾಸಲು ಕಾಫಿ ತುಂಬಿದ್ದ ಗೋಣಿಚೀಲ ಸುಲಭವಾಗಿ ಸಿಗುತ್ತದೆ. ಅದು ಬೇಡ. ಅದರ ಧೂಳು ಹಸಿ ಬಣ್ಣಕ್ಕೆ ಕೂರುತ್ತದೆ, ಕಾಫಿ ಬೀಜದ ಹುಳವೂ ಜೊತೆಗೆ ಗ್ರಂಥಾಲಯಕ್ಕೆ ಬರುತ್ತದೆ. ಹಳೆಯ ಕಂಬಳಿ ಒಗೆದು ಒಣಗಿಸಿ ಬಳಸಿ.

ತೂಗುಹಾಕುವುದು

ಮೊದಲ ಪ್ರಶ್ನೆ ಗೋಡೆಯದು. ಹಳೆಯ ಕಟ್ಟಡದ ಸುಣ್ಣದ ಗಾರೆಗೆ ಮೊಳೆ ಹೊಡೆದರೆ ಪುಡಿಯಾಗಿ ಉದುರುತ್ತದೆ, ಹಿಡಿಯುವುದಿಲ್ಲ. ಅಂಥಲ್ಲಿ ಚಾವಣಿಯ ತೊಲೆಗೆ ಅಡ್ಡಪಟ್ಟಿ ಬಿಗಿದು ಅದರಿಂದ ಉಕ್ಕಿನ ತಂತಿ ಇಳಿಬಿಡುವುದು ಸರಿ, ಅಥವಾ ಎಂಟಡಿ-ನಾಲ್ಕಡಿಯ ಪ್ಲೈವುಡ್ ಫಲಕಗಳನ್ನು ಅಂಕುಡೊಂಕಾಗಿ ಒಂದಕ್ಕೊಂದು ತಿರುಪಿನಿಂದ ಸೇರಿಸಿ ನಿಲ್ಲಿಸಬಹುದು. ನೇರ ಸಾಲಿನಲ್ಲಿ ನಿಲ್ಲಿಸಿದ ಫಲಕ ಯಾರಾದರೂ ಒರಗಿದರೆ ಬೀಳುತ್ತದೆ. ಸಿಮೆಂಟ್ ಗೋಡೆಯಾದರೆ ಐದು ಕಿಲೋವರೆಗಿನ ಚಿತ್ರಕ್ಕೆ 6 ಮಿಲಿಮೀಟರ್ ತೂತು ಮತ್ತು ಪ್ಲಗ್, ಅದಕ್ಕಿಂತ ಭಾರವಾದರೆ 8 ಮಿಲಿಮೀಟರ್. ತಂತಿ ಮತ್ತು ಕೊಕ್ಕೆ ಚಿತ್ರದ ತೂಕದ ನಾಲ್ಕು ಪಟ್ಟು ಹೊರುವಂಥದ್ದಿರಲಿ. ನೈಲಾನ್ ಹಗ್ಗ ವಾರದಲ್ಲಿ ಹಿಗ್ಗಿ ಚಿತ್ರ ಜೋತುಬೀಳುತ್ತದೆ.

ಮಳೆಗೆ ಮುಖಮಾಡಿದ ಪಡುವಣ ಹೊರಗೋಡೆ ಆದಷ್ಟು ಬೇಡ. ಬೇರೆ ಜಾಗವಿಲ್ಲದಿದ್ದರೆ ಚೌಕಟ್ಟಿನ ಹಿಂದಿನ ನಾಲ್ಕು ಮೂಲೆಗೂ ಕಾರ್ಕ್ ಅಥವಾ ರಬ್ಬರ್ ತುಂಡು ಅಂಟಿಸಿ ಗೋಡೆಯಿಂದ ಅರ್ಧ ಇಂಚಾದರೂ ದೂರವಿಡಿ, ಹಿಂದೆ ಗಾಳಿಯಾಡಬೇಕು.

ಎತ್ತರದ ಲೆಕ್ಕ ಸುಲಭ. ನಿಂತು ನೋಡುವ ಕಡೆ ಚಿತ್ರದ ನಡುಬಿಂದು ನೆಲದಿಂದ 58 ಇಂಚು. ಆ 58ಕ್ಕೆ ಚೌಕಟ್ಟಿನ ಎತ್ತರದ ಅರ್ಧ ಕೂಡಿಸಿ, ತಂತಿಯನ್ನು ಬಿಗಿಯಾಗಿ ಮೇಲೆಳೆದಾಗ ಅದಕ್ಕೂ ಮೇಲಂಚಿಗೂ ಇರುವ ದೂರ ಕಳೆಯಿರಿ. ಚೌಕಟ್ಟು 36 ಇಂಚು, ತಂತಿ 4 ಇಂಚು ಕೆಳಗಿದ್ದರೆ 58 ಕೂಡಿಸು 18 ಕಳೆ 4, ಅಂದರೆ ಕೊಕ್ಕೆ 72 ಇಂಚಿನಲ್ಲಿ. ಓದುವ ಮೇಜಿನ ಎದುರು ಕೂತವರ ಕಣ್ಣಿಗಾಗಿ ನಡುಬಿಂದುವನ್ನು 54ಕ್ಕೆ ಇಳಿಸಬಹುದು. ಎರಡಡಿಗಿಂತ ಅಗಲವಾದ ಚಿತ್ರಕ್ಕೆ ಒಂದರ ಬದಲು ಎರಡು ಕೊಕ್ಕೆ ಹಾಕಿದರೆ ಫ್ಯಾನ್ ಗಾಳಿಗೆ ಓರೆಯಾಗುವುದಿಲ್ಲ. ರಸಮಟ್ಟ ಹಿಡಿದು ನೋಡುವುದನ್ನು ಮರೆಯಬೇಡಿ. ಹಳೆಯ ಕಟ್ಟಡದಲ್ಲಿ ನೆಲವೇ ಇಳಿಜಾರಿರುತ್ತದೆ.

ಇನ್ನು ಎಷ್ಟು ಚಿತ್ರ ಎಂಬುದು. 24 ಅಡಿ ಗೋಡೆಯ ಎರಡೂ ತುದಿಗೆ ಒಂದೂವರೆ ಅಡಿ ಬಿಟ್ಟರೆ 21 ಅಡಿ ಉಳಿಯುತ್ತದೆ. ಎರಡೂವರೆ ಅಡಿ ಅಗಲದ ಆರು ಚಿತ್ರ 15 ಅಡಿ ತಿನ್ನುತ್ತದೆ. ಉಳಿದ 6 ಅಡಿಯನ್ನು ಐದು ಸಂದುಗಳಿಗೆ ಹಂಚಿದರೆ ತಲಾ 14 ಇಂಚು ಚಿಲ್ಲರೆ. ಏಳನೆಯದನ್ನು ತುರುಕಿದರೆ ಸಂದು ಏಳು ಇಂಚಿಗೆ ಬರುತ್ತದೆ. ಚಿಕ್ಕ ಚಿತ್ರಗಳಿಗೆ ಅದು ಸಾಕು, ದೊಡ್ಡವು ಒಂದನ್ನೊಂದು ನುಂಗುತ್ತವೆ. ಎಲ್ಲ ಕಲಾವಿದರನ್ನೂ ಸಮಾಧಾನಪಡಿಸಲು ಹೋಗಿ ಗೋಡೆ ತುಂಬಿಸುವುದೇ ಇಂಥ ಪ್ರದರ್ಶನಗಳ ದೊಡ್ಡ ದೋಷ. ಒಬ್ಬೊಬ್ಬರಿಂದ ಎರಡು ಅಥವಾ ಮೂರು ಕೃತಿ ಸಾಕು, ಚೆನ್ನಾಗಿ ಉಸಿರಾಡಲಿ.

ಶಿಲ್ಪಕ್ಕೆ ಪೀಠ

ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೋ. ಎರಡಡಿ ಎತ್ತರ, ಒಂದಡಿ ಅಗಲ-ದಪ್ಪದ ಕಲ್ಲು 150 ಕಿಲೋ ತೂಗುತ್ತದೆ ಎಂಬ ಅಂದಾಜು ಮನಸ್ಸಿನಲ್ಲಿರಲಿ. ಕಲ್ಲಿನ ಶಿಲ್ಪ ನೆಲಮಹಡಿಯಲ್ಲೇ ಇರಬೇಕು. ಮರದ ನೆಲದ ಮೇಲ್ಮಹಡಿಗೆ ಏರಿಸುವ ಮಾತೇ ಬೇಡ. ಮಡಿಕೇರಿ ಕೋಟೆಯಲ್ಲಿ ಬಯಲಿನಲ್ಲಿ ನಿಂತಿರುವ ಆನೆಗಳನ್ನು ನೋಡಿ ಬೆಳೆದವರಿಗೆ ದೊಡ್ಡ ಶಿಲ್ಪದ ಆಸೆ ಸಹಜ. ಅಂಥದ್ದನ್ನು ಗ್ರಂಥಾಲಯದ ಜಗುಲಿಯಲ್ಲಿ ಅಥವಾ ಅಂಗಳದಲ್ಲಿ ನಿಲ್ಲಿಸಿ, ಅಲ್ಲಿಂದಲೇ ಪ್ರದರ್ಶನ ಶುರುವಾಗಲಿ.

ಪೀಠವನ್ನು 18 ಮಿಲಿಮೀಟರ್ ಪ್ಲೈವುಡ್‌ನಿಂದ, ಒಳಗೆ ಎರಡು ಇಂಚಿನ ರೀಪರ್ (ಮರದ ಪಟ್ಟಿ) ಚೌಕಟ್ಟು ಕೊಟ್ಟು ಮಾಡಿಸಿ. ಶಿಲ್ಪದ ತಳಕ್ಕಿಂತ ಪ್ರತಿ ಬದಿಯಲ್ಲೂ ಮೂರು ಇಂಚು ಅಗಲ ಹೆಚ್ಚಿರಲಿ. ಗೇಣುದ್ದದ ಶಿಲ್ಪಕ್ಕೆ 40 ಇಂಚು ಎತ್ತರ, ಎರಡಡಿಯದಕ್ಕೆ 30, ಆಳೆತ್ತರದ್ದಕ್ಕೆ ಆರು ಇಂಚಿನ ಮಣೆಯೇ ಸಾಕು. ತಳಭಾಗಕ್ಕೆ 20-25 ಕಿಲೋ ಮರಳಿನ ಚೀಲ ತುಂಬಿ. ಬೆನ್ನಿಗೆ ಚೀಲ ಹೊತ್ತ ಹುಡುಗರು ತಿರುಗುವಾಗ ತಾಗಿಯೇ ಪೀಠಗಳು ಉರುಳುವುದು. ಕಪಾಟುಗಳ ನಡುವಿನ ದಾರಿಯಲ್ಲಿ ಪೀಠ ಬೇಡ. ಸುತ್ತ ಮೂರಡಿ ಜಾಗ ಬಿಡಿ; ಗಾಲಿಕುರ್ಚಿಗೂ ಪುಸ್ತಕದ ತಳ್ಳುಗಾಡಿಗೂ ಅಷ್ಟು ಬೇಕು.

ಚೆನ್ನಾಗಿ ಸುಡದ ಮಣ್ಣಿನ ಶಿಲ್ಪ ತೇವ ಹೀರಿ ಬಿಳಿ ಉಪ್ಪು ಕಾರುತ್ತದೆ. ಬೆಸುಗೆ ಹಾಕಿದ ಕಬ್ಬಿಣದ ಕೆಲಸಕ್ಕೆ ತಳದಲ್ಲಿ ರಬ್ಬರ್ ಹಾಳೆ ಹಾಕಿ, ಇಲ್ಲದಿದ್ದರೆ ನೆಲದಲ್ಲಿ ತುಕ್ಕಿನ ಕಲೆ ಉಳಿಯುತ್ತದೆ.

ಬೆಳಕು

ಜಲವರ್ಣ ಮತ್ತು ಕಾಗದದ ಕೃತಿಗಳಿಗೆ 50 ಲಕ್ಸ್ (ಬೆಳಕಿನ ಅಳತೆ), ತೈಲ ಮತ್ತು ಅಕ್ರಿಲಿಕ್‌ಗೆ 150ರಿಂದ 200 ಲಕ್ಸ್ ಎಂಬುದು ವಸ್ತುಸಂಗ್ರಹಾಲಯಗಳ ರೂಢಿ. ಓದುವ ಮೇಜಿಗೆ ಸುಮಾರು 300 ಲಕ್ಸ್ ಬೇಕಾಗುತ್ತದೆ. ಈ ಎರಡನ್ನೂ ಹೊಂದಿಸುವ ದಾರಿ ಒಂದೇ: ಮೇಜುಗಳ ಹತ್ತಿರ ತೈಲ, ಅಕ್ರಿಲಿಕ್, ಶಿಲ್ಪ, ಕಪಾಟುಗಳ ಮಬ್ಬು ಬದಿಗೆ ಜಲವರ್ಣ. ಮೊಬೈಲಿನ ಲಕ್ಸ್ ಆ್ಯಪ್ ಅಂದಾಜಿಗೆ ಸಾಕು. ನೇರ ಬಿಸಿಲು ಬೀಳುವ ಗೋಡೆಗೆ ಏನನ್ನೂ ಹಾಕಬೇಡಿ. ಕಿಟಕಿಯ ಎದುರು ಗಾಜಿನ ಚೌಕಟ್ಟು ಹಾಕಿದರೆ ಚಿತ್ರದ ಬದಲು ಕಿಟಕಿಯೇ ಕಾಣುತ್ತದೆ. ಎಲ್‌ಇಡಿ ದೀಪವನ್ನು ಲಂಬರೇಖೆಯಿಂದ 30 ಡಿಗ್ರಿ ಓರೆಯಾಗಿ ತಿರುಗಿಸಿದರೆ ಪ್ರತಿಫಲನವೂ ಚೌಕಟ್ಟಿನ ನೆರಳೂ ಕಡಿಮೆ.

ದಿನದಿನದ ನಿಗಾ

ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ತೇವಮಾಪಕ ಒಂದನ್ನು ಒಳಗೋಡೆಯಲ್ಲೂ ಒಂದನ್ನು ಹೊರಗೋಡೆಯಲ್ಲೂ ಇಡಿ. ಬೆಳಿಗ್ಗೆ ಬಾಗಿಲು ತೆಗೆದಾಗ, ಮಧ್ಯಾಹ್ನ ಮೂರಕ್ಕೆ ಬರೆದಿಡಿ. ತೇವಾಂಶ ಶೇಕಡಾ 65ರ ಮೇಲೆ ಹಲವು ದಿನ ನಿಂತರೆ ಬೂಷ್ಟು ಏಳುತ್ತದೆ. ಮಂಜು ಕವಿದ ಬೆಳಿಗ್ಗೆ ಕಿಟಕಿ ತೆರೆಯುವುದು ತಪ್ಪು. ಹೊರಗಿನ ತೇವವೇ ಒಳಗೆ ಬರುತ್ತದೆ. ಬಿಸಿಲೇರಿದ ಮೇಲೆ ತೆರೆಯಿರಿ, ಫ್ಯಾನ್ ಸಣ್ಣಗೆ ಓಡಲಿ. ಬೂಷ್ಟು ಕಂಡ ಚಿತ್ರವನ್ನು ಅಲ್ಲೇ ಒರೆಸಬೇಡಿ, ಅದರ ಪುಡಿ ಹಾರಿ ಪುಸ್ತಕಗಳ ಮೇಲೆ ಕೂರುತ್ತದೆ. ಇಳಿಸಿ, ಸುತ್ತಿ, ಹೊರಗೆ ಒಯ್ದು ಒಣಗಿಸಿದ ಮೇಲೆಯೇ ಮೃದು ಬ್ರಷ್.

ಚೀಟಿ ಮತ್ತು ಪುಸ್ತಕ

ಹೆಸರುಚೀಟಿಯಲ್ಲಿ ಕೃತಿಯ ಹೆಸರು, ಕಲಾವಿದರ ಹೆಸರು, ಮಾಧ್ಯಮ, ಎತ್ತರ ಮತ್ತು ಅಗಲ, ವರ್ಷ ಇರಲಿ. ಚಿತ್ರದ ಬಲಬದಿಗೆ, ಬಗ್ಗದೆ ಓದುವ ಎತ್ತರದಲ್ಲಿ, 18 ಪಾಯಿಂಟ್‌ಗಿಂತ ಸಣ್ಣದಲ್ಲದ ಅಕ್ಷರ. ಕಲಾವಿದರು ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಹೆಸರಿಟ್ಟಿದ್ದರೆ ಕನ್ನಡ ಲಿಪಿಯಲ್ಲಿ ಅದನ್ನೇ ಉಳಿಸಿ.

ಗ್ರಂಥಾಲಯಕ್ಕೆ ಮಾತ್ರ ಸಾಧ್ಯವಾದ ಒಂದು ಕೆಲಸವಿದೆ, ಅದನ್ನು ತಪ್ಪಿಸಬೇಡಿ. ಚೀಟಿಯ ಕೆಳಗೆ ಸಂಬಂಧಪಟ್ಟ ಪುಸ್ತಕಗಳ ವರ್ಗಸಂಖ್ಯೆ ಹಾಕಿ: ಡ್ಯೂಯಿ ಪದ್ಧತಿಯಲ್ಲಿ ಶಿಲ್ಪ 730, ವರ್ಣಚಿತ್ರ 750, ಪಕ್ಷಿಗಳು 598. ಮಲಬಾರ್ ಮಂಗಟ್ಟೆಯ ಚಿತ್ರ ನೋಡಿದ ಹುಡುಗ ಅಲ್ಲಿಂದ ನೇರ ಆ ಕಪಾಟಿಗೆ ನಡೆದರೆ ಪ್ರದರ್ಶನ ಗ್ರಂಥಾಲಯದ್ದೇ ಆಯಿತು.

ಉದ್ಘಾಟನೆ, ಮಾರಾಟ

ದೀಪ ಬೆಳಗುವುದು, ಭಾಷಣ, ಕಾಫಿ-ತಿಂಡಿ ಎಲ್ಲವೂ ಸಭಾಂಗಣದಲ್ಲಿ. ಗ್ರಂಥಾಲಯದೊಳಗೆ ಎಣ್ಣೆ ದೀಪ, ಕರ್ಪೂರ, ಊದುಬತ್ತಿ ಬೇಡ. ಹೊರಗಿನವರಿಗೆ ಮಧ್ಯಾಹ್ನದ ನಂತರ ಎರಡು ಗಂಟೆ ಹಾಗೂ ಊರಿನ ಸಂತೆಯ ದಿನ ಹೊಂದುತ್ತದೆ. ಹಳ್ಳಿಗಳಿಂದ ಬಂದವರು ಹಾಗೇ ಒಳಗೆ ಬರಬಹುದು. ಬಾಗಿಲಲ್ಲಿ ಚೀಲ ಇಡುವ ಜಾಗ, ಸಹಿ ಪುಸ್ತಕ ಇರಲಿ.

ಬೆಲೆಪಟ್ಟಿಯನ್ನು ಗೋಡೆಗೆ ಹಾಕದೆ ಗ್ರಂಥಪಾಲಕರ ಮೇಜಿನಲ್ಲಿಡಿ. ಹಣ ಕಲಾವಿದರಿಗೇ ನೇರ ಹೋಗಲಿ, ರಸೀದಿ ಅವರೇ ಕೊಡಲಿ. ಮಾರಿದ ಕೃತಿಗೆ ಕೆಂಪು ಚುಕ್ಕೆ ಅಂಟಿಸಿ, ಕೊನೆಯ ದಿನದವರೆಗೂ ಅಲ್ಲೇ ಉಳಿಸಿ. ಚಿತ್ರ ಕೊಂಡವರಿಗೆ ಚಿತ್ರ ಮಾತ್ರ ಸೇರುತ್ತದೆ. ಲಿಖಿತವಾಗಿ ಬಿಟ್ಟುಕೊಡದ ಹೊರತು ಅದನ್ನು ಕ್ಯಾಲೆಂಡರಿಗೋ ರೆಸಾರ್ಟಿನ ಜಾಹೀರಾತಿಗೋ ಮುದ್ರಿಸುವ ಹಕ್ಕು 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕಲಾವಿದರದ್ದೇ. ರಸೀದಿಯಲ್ಲೇ ಇದನ್ನು ಒಂದು ಸಾಲು ಬರೆಯಿರಿ.

ಇಳಿಸುವುದು

ಒಣ ದಿನ, ಬಿಸಿಲೇರಿದ ಮೇಲೆ ಇಳಿಸಿ. ಸ್ಥಿತಿ ವರದಿಯ ಎರಡೂ ಪ್ರತಿ ಹಿಡಿದು, ಕಲಾವಿದರ ಎದುರೇ ಹಿಂದು-ಮುಂದು ನೋಡಿ ಸಹಿ ಪಡೆಯಿರಿ. ಗೋಡೆಯ ಪ್ಲಗ್ ಕಿತ್ತು, ಪುಟ್ಟಿ ತುಂಬಿ, ಅದೇ ಬಣ್ಣ ಹಚ್ಚಿ. ಮರದ ಶಿಲ್ಪ ನಿಂತಿದ್ದ ಜಾಗದ ಆಸುಪಾಸಿನ ಕಪಾಟುಗಳ ಕೆಳತಟ್ಟೆ ಮತ್ತು ಬೆನ್ನನ್ನು ಟಾರ್ಚ್ ಹಿಡಿದು ಒಮ್ಮೆ, ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿ. ಹೊಸ ಮರಪುಡಿ ಕಂಡರೆ ಆ ಕಪಾಟಿನ ಪುಸ್ತಕಗಳನ್ನು ಅಂದೇ ಬೇರೆ ಮಾಡಿ, ಜೂನ್ ಮಳೆ ಹಿಡಿಯುವ ಮುಂಚೆ ಕೀಟ ನಿಯಂತ್ರಣದವರನ್ನು ಕರೆಸಿ.